ಹೊಸ ಪ್ರೊಸೆಸರ್, ಹಳೆಯ ತಂತ್ರಾಂಶ: ಗಣಕಯಂತ್ರ ಬದಲಿಸುವ ಮುನ್ನ

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಅಂಗಡಿ, ಮಂಡಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ದುಡಿಯುತ್ತ ಬಂದ ಗಣಕಯಂತ್ರಗಳ ಪೈಕಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಆದ್ದರಿಂದ ಹೊಸ ಯಂತ್ರ ಕೊಳ್ಳುವ ಪ್ರಶ್ನೆ ಹಲವು ಸಂಸ್ಥೆಗಳ ಮುಂದೆ ಏಕಕಾಲಕ್ಕೆ ಬಂದು ನಿಂತಿದೆ. ಈ ಬಾರಿಯ ಖರೀದಿಯಲ್ಲಿ ಹಿಂದೆ ಇಲ್ಲದಿದ್ದ ಒಂದು ತೊಡಕು ಸೇರಿಕೊಂಡಿದೆ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳ ಪಕ್ಕದಲ್ಲಿಯೇ, ಕ್ವಾಲ್‌ಕಾಮ್ ಸಂಸ್ಥೆಯ ಸ್ನಾಪ್‌ಡ್ರಾಗನ್ ಎಂಬ ಬೇರೆ ಜಾತಿಯ ಪ್ರೊಸೆಸರ್ ಉಳ್ಳ ಲ್ಯಾಪ್‌ಟಾಪುಗಳೂ ಮಾರುಕಟ್ಟೆಯಲ್ಲಿವೆ. ಎರಡರಲ್ಲಿಯೂ ಇರುವುದು ವಿಂಡೋಸ್ 11. ಪರದೆಯ ಮೇಲೆ ಕಾಣುವುದೂ ಒಂದೇ. ಎರಡನೆಯದರಲ್ಲಿ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ, ಬಿಸಿ ಕಡಿಮೆ.

“ನಮ್ಮ ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಇದರಲ್ಲಿ ನಡೆಯುತ್ತದೆಯೇ?” ಎಂದು ಗ್ರಾಹಕರು ಕೇಳಿದರೆ “ಇದೂ ವಿಂಡೋಸೇ ಅಲ್ಲವೇ, ನಡೆಯುತ್ತದೆ” ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ಈ ಉತ್ತರ ಸುಳ್ಳಲ್ಲ, ಅರ್ಧ ನಿಜ. ಪ್ರೋಗ್ರಾಂ ನಡೆಯಬಹುದು, ಆದರೆ ಅದನ್ನು ತೆರೆಯಲು ಬೇಕಾದ ಡಾಂಗಲ್, ಅದು ಮುದ್ರಿಸಬೇಕಾದ ಪ್ರಿಂಟರ್, ಅದು ತೂಕ ಓದಬೇಕಾದ ವಿದ್ಯುನ್ಮಾನ ತಕ್ಕಡಿ ನಿಂತುಹೋಗಬಹುದು. ವ್ಯಾಪಾರಿಗೆ ಮಾತ್ರ ಇವೆಲ್ಲ ಸೇರಿದರೇನೇ ಬಿಲ್ಲು.

ಯಂತ್ರದ ಲಿಪಿ

ಬೆಳಗಾವಿ, ಧಾರವಾಡ ಭಾಗದ ಹಳೆಯ ಪೇಢಿಗಳಲ್ಲಿ ಮೋಡಿ ಲಿಪಿಯಲ್ಲಿ ಬರೆದ ಕಿರ್ದಿ ಖಾತೆಗಳು ದೊರೆಯುವುದುಂಟು. ಅವುಗಳಲ್ಲಿರುವ ಲೆಕ್ಕ ಇಂದಿನ ಗುಮಾಸ್ತರಿಗೂ ಅರ್ಥವಾಗುವಂಥದ್ದೇ, ಆದರೆ ಲಿಪಿ ತಿಳಿದವರೊಬ್ಬರು ಓದಿ ಹೇಳಬೇಕು. ಗಣಕಯಂತ್ರದ ಸ್ಥಿತಿಯೂ ಇದಕ್ಕೆ ಸಮೀಪವಾದದ್ದು. ಪ್ರತಿಯೊಂದು ಜಾತಿಯ ಪ್ರೊಸೆಸರ್ ತನ್ನದೇ ಆದ ಆದೇಶಗಳ ಸಮೂಹವನ್ನು ಮಾತ್ರ ಗ್ರಹಿಸಬಲ್ಲದು. ಸಿ.ಡಿ.ಯಲ್ಲಿ ಬಂದ ತಂತ್ರಾಂಶವು ಅಂತಹ ಒಂದು ಆದೇಶ ಸಮೂಹದಲ್ಲಿಯೇ ಬರೆಯಲ್ಪಟ್ಟಿರುತ್ತದೆ.

ವ್ಯಾಪಾರಿ ಜಗತ್ತಿನ ಬಹುತೇಕ ತಂತ್ರಾಂಶಗಳ ಆದೇಶ ಸಮೂಹಕ್ಕೆ ಎಕ್ಸ್ 86 ಎಂದು ಹೆಸರು. ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ 8086 ಎಂಬ 16 ಬಿಟ್ ಪ್ರೊಸೆಸರಿನಿಂದ ಈ ವಂಶ ಆರಂಭವಾಯಿತು. 1985ರ 80386 ಪ್ರೊಸೆಸರಿನೊಡನೆ ಅದು 32 ಬಿಟ್ಟಿಗೆ ಬೆಳೆಯಿತು. ಪ್ರತಿ ಹೊಸ ಪೀಳಿಗೆಯೂ ಹಿಂದಿನದರ ಆದೇಶಗಳನ್ನು ಗ್ರಹಿಸುತ್ತಿದ್ದುದರಿಂದ, ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಇನ್ನೂ ವೇಗವಾಗಿ ಓಡುವುದು ಸಹಜವೆಂದೇ ಎಲ್ಲರೂ ತಿಳಿದರು.

ಈ ಸಹಜತೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಇಂಟೆಲ್ ಸಂಸ್ಥೆಯೇ ಕಷ್ಟಪಟ್ಟು ಕಲಿಯಬೇಕಾಯಿತು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯೊಡಗೂಡಿ ಅದು 2001ರಲ್ಲಿ ಇಟಾನಿಯಂ ಎಂಬ ಸಂಪೂರ್ಣ ಹೊಸ ಬಗೆಯ 64 ಬಿಟ್ ಪ್ರೊಸೆಸರನ್ನು ಹೊರತಂದಿತು. ಅದರಲ್ಲಿ ಹಳೆಯ 32 ಬಿಟ್ ತಂತ್ರಾಂಶಗಳು ನಡೆಯುತ್ತಿದ್ದವಾದರೂ ಕುಂಟುತ್ತ ನಡೆಯುತ್ತಿದ್ದವು. ಪ್ರತಿಸ್ಪರ್ಧಿಯಾದ ಎಎಂಡಿ ಬೇರೆ ದಾರಿ ಹಿಡಿದು, ಹಳೆಯ ಎಕ್ಸ್ 86 ಆದೇಶ ಸಮೂಹವನ್ನೇ 64 ಬಿಟ್ಟಿಗೆ ವಿಸ್ತರಿಸಿ 2003ರಲ್ಲಿ ಆಪ್ಟೆರಾನ್ ಮತ್ತು ಅಥ್ಲಾನ್ 64 ಪ್ರೊಸೆಸರುಗಳನ್ನು ನೀಡಿತು. ಹಳೆಯದು ಪೂರ್ಣ ವೇಗದಲ್ಲಿ ಓಡಿತು, ಹೊಸದಕ್ಕೂ ಅವಕಾಶವಿತ್ತು. ಗ್ರಾಹಕರು ಎಎಂಡಿಯ ದಾರಿಯನ್ನು ಮೆಚ್ಚಿದರು; ಮರುವರ್ಷವೇ ಇಂಟೆಲ್ ಕೂಡ ಅದನ್ನು ತನ್ನದಾಗಿಸಿಕೊಂಡಿತು. ಇಟಾನಿಯಂ ರವಾನೆ 2021ರಲ್ಲಿ ನಿಂತೇ ಹೋಯಿತು. ಮಾರುಕಟ್ಟೆಯಲ್ಲಿ ಹೊಸ ತಂತ್ರಜ್ಞಾನದ ಅತಿ ದೊಡ್ಡ ಪ್ರತಿಸ್ಪರ್ಧಿ ಹಳೆಯ ತಂತ್ರಾಂಶವೇ ಎಂದರೆ ತಪ್ಪಾಗಲಾರದು.

ಡಾಸ್ ಪ್ರೋಗ್ರಾಂಗಳು ನಿಂತದ್ದು ಹೇಗೆ?

ಎಎಂಡಿಯ ಈ ಸುಗಮ ದಾರಿಯಲ್ಲಿಯೂ ಒಂದು ವರ್ಗ ಹಿಂದೆ ಉಳಿಯಿತು. ಫಾಕ್ಸ್‌ಪ್ರೊ, ಕ್ಲಿಪ್ಪರ್ ಮುಂತಾದವುಗಳಲ್ಲಿ ಬರೆದ 16 ಬಿಟ್ ಡಾಸ್ ಪ್ರೋಗ್ರಾಂಗಳೇ ಆ ವರ್ಗ. ಇವುಗಳನ್ನು ವಿಂಡೋಸ್ ಒಳಗೆ ನಡೆಸಲು ಪ್ರೊಸೆಸರಿನಲ್ಲಿ “ವರ್ಚುವಲ್ 8086” ಎಂಬ ವಿಶೇಷ ಸ್ಥಿತಿಯೊಂದು ಬೇಕಿತ್ತು. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ಕೆಲಸ ಮಾಡುತ್ತಿರುವಾಗ ಈ ಸೌಲಭ್ಯ ಇರುವುದಿಲ್ಲ. ಅದೇ ಪ್ರೊಸೆಸರಿನ ಮೇಲೆ 32 ಬಿಟ್ ವಿಂಡೋಸ್ ಹಾಕಿದರೆ ಡಾಸ್ ಪ್ರೋಗ್ರಾಂ ನಡೆಯುತ್ತದೆ, 64 ಬಿಟ್ ವಿಂಡೋಸ್ ಹಾಕಿದರೆ ನಡೆಯದು. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು. ವಿಂಡೋಸ್ 11ಕ್ಕೆ ಅದು ಇಲ್ಲ. ಆದ್ದರಿಂದ ಇಂಟೆಲ್ ಯಂತ್ರವನ್ನೇ ಕೊಂಡರೂ ಮಂಡಿಯ ಹಳೆಯ ಡಾಸ್ ಪಟ್ಟಿ ಪ್ರೋಗ್ರಾಂ ಅದರಲ್ಲಿ ನೇರವಾಗಿ ತೆರೆಯುವುದಿಲ್ಲ ಎಂಬುದನ್ನು ಗಮನಿಸಬೇಕು.

ಮತ್ತೊಂದು ವಿಚಿತ್ರ ಸಂಗತಿಯಿದೆ. ಕೆಲವು ತಂತ್ರಾಂಶಗಳು ತಾವು 32 ಬಿಟ್ಟಿನವಾಗಿದ್ದರೂ, ಅವುಗಳನ್ನು ಯಂತ್ರದಲ್ಲಿ ಸ್ಥಾಪಿಸುವ ಸೆಟಪ್ ಪ್ರೋಗ್ರಾಂ ಮಾತ್ರ 16 ಬಿಟ್ಟಿನದಾಗಿರುತ್ತದೆ. ತೊಂಬತ್ತರ ದಶಕದ ಸಿ.ಡಿ.ಗಳಲ್ಲಿ ಇದು ಸಾಮಾನ್ಯ. ಇಂತಹ ಕೆಲವು ಪ್ರಸಿದ್ಧ ಸೆಟಪ್ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್ ತಾನೇ ಗುರುತಿಸಿ, ಅವುಗಳ 32 ಬಿಟ್ ಪ್ರತಿಯನ್ನು ಬಳಸುತ್ತದೆ. ಉಳಿದವುಗಳಲ್ಲಿ “ತಂತ್ರಾಂಶವೇ ನಡೆಯದು” ಎಂದು ತೀರ್ಮಾನಿಸುವುದಕ್ಕೆ ಮೊದಲು, ತಡೆ ಇರುವುದು ಬಾಗಿಲಲ್ಲಿಯೋ ಮನೆಯಲ್ಲಿಯೋ ಎಂದು ತಂತ್ರಜ್ಞರಿಂದ ಪರೀಕ್ಷಿಸುವುದು ಲೇಸು.

ವೇಗವೇ ಮುಳುವಾದ ಉದಾಹರಣೆಯೂ ಉಂಟು. ಟರ್ಬೊ ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಆರಂಭದಲ್ಲಿ ಯಂತ್ರದ ವೇಗವನ್ನು ಅಳೆದು ಅದನ್ನು 16 ಬಿಟ್ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತಿದ್ದವು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರುಗಳು ಬಂದೊಡನೆ ಆ ಸಂಖ್ಯೆ ತನ್ನ ಪಾತ್ರೆಯಿಂದ ಉಕ್ಕಿ, “ರನ್‌ಟೈಮ್ ಎರರ್ 200” ಎಂಬ ಸೂಚನೆ ಮೂಡಿ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಆದೇಶಗಳೆಲ್ಲವೂ ಪ್ರೊಸೆಸರಿಗೆ ಅರ್ಥವಾಗುತ್ತಿದ್ದವು. ಯಂತ್ರದ ವೇಗದ ಬಗ್ಗೆ ಬರೆದವರು ಇಟ್ಟುಕೊಂಡ ಅಂದಾಜು ಮಾತ್ರ ಹಳತಾಗಿತ್ತು. ಕಾರ್ಖಾನೆಯ ಹಳೆಯ ಯಂತ್ರಗಳೊಡನೆ ಮಾತನಾಡುವ ಪ್ರೋಗ್ರಾಂಗಳಲ್ಲಿ ಇಂತಹ ವೇಗದ ಅಂದಾಜುಗಳು ಅಡಗಿರುವ ಸಂಭವ ಹೆಚ್ಚು.

ಆರ್ಮ್ ಯಂತ್ರದಲ್ಲಿ ನಡೆಯುವ ಅನುವಾದ

ಸ್ನಾಪ್‌ಡ್ರಾಗನ್ ಸೇರಿರುವುದು ಆರ್ಮ್ ಎಂಬ ವಂಶಕ್ಕೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆಯಲ್ಲಿ 1985ರಲ್ಲಿ ಮೊದಲ ಆರ್ಮ್ ಪ್ರೊಸೆಸರ್ ಕಾರ್ಯಾರಂಭ ಮಾಡಿತು. ಇಂದು ಮೊಬೈಲ್ ದೂರವಾಣಿಗಳೆಲ್ಲ ಬಹುಪಾಲು ಈ ವಂಶದವೇ. ಇದು ಎಕ್ಸ್ 86 ವಂಶದ ವಿಸ್ತರಣೆಯಲ್ಲ, ಬೇರೆಯೇ ಲಿಪಿ. ಎಕ್ಸ್ 86 ಪ್ರೋಗ್ರಾಂ ಇದರಲ್ಲಿ ನಡೆಯಬೇಕಾದರೆ ಅದರ ಪ್ರತಿಯೊಂದು ಆದೇಶವನ್ನೂ ಆರ್ಮ್ ಆದೇಶಗಳಿಗೆ ಅನುವಾದಿಸಬೇಕು. ಈ ಅನುವಾದಕ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ.

ಅನುವಾದಕವು ಪ್ರೋಗ್ರಾಮಿನ ಒಂದು ಭಾಗ ಮೊದಲ ಬಾರಿ ಬೇಕಾದಾಗ ಅದನ್ನು ಅನುವಾದಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಬಾರಿ ಇಟ್ಟುಕೊಂಡದ್ದನ್ನೇ ಬಳಸುತ್ತದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತನ್ನ ಆಲ್ಫಾ ಪ್ರೊಸೆಸರಿನ ಮೇಲೆ ಇಂಟೆಲ್ ಪ್ರೋಗ್ರಾಂಗಳನ್ನು ನಡೆಸಲು ತೊಂಬತ್ತರ ದಶಕದಲ್ಲಿಯೇ ಈ ತಂತ್ರವನ್ನು ಬಳಸಿತ್ತು. ಆಪಲ್ ಸಂಸ್ಥೆಯು 2020ರ ನವೆಂಬರ್‌ನಲ್ಲಿ ತನ್ನ ಮ್ಯಾಕ್ ಗಣಕಗಳನ್ನು ಇಂಟೆಲ್‌ನಿಂದ ಆರ್ಮ್ ವಂಶದ ಎಂ1 ಪ್ರೊಸೆಸರಿಗೆ ಬದಲಿಸಿದಾಗ ರೊಸೆಟ್ಟಾ 2 ಎಂಬ ಅನುವಾದಕವನ್ನು ನೀಡಿತು. ವಿಂಡೋಸ್‌ನಲ್ಲಿ ಮೊದಲು 32 ಬಿಟ್ ಪ್ರೋಗ್ರಾಂಗಳಿಗೆ ಮಾತ್ರ ಇದ್ದ ಈ ಸೌಲಭ್ಯ 2021ರ ವಿಂಡೋಸ್ 11ರಲ್ಲಿ 64 ಬಿಟ್ಟಿಗೂ ಬಂದಿತು; 2024ರಲ್ಲಿ ಪ್ರಿಸಂ ಎಂಬ ಸುಧಾರಿತ ಅನುವಾದಕ ಸೇರಿತು. ಬಿಲ್ಲಿಂಗ್, ಲೆಕ್ಕಪತ್ರ, ಪತ್ರವ್ಯವಹಾರದಂತಹ ಕೆಲಸಗಳಲ್ಲಿ ಪ್ರೊಸೆಸರ್ ಹೆಚ್ಚು ಹೊತ್ತು ಮನುಷ್ಯನ ಬೆರಳಿಗಾಗಿ ಕಾಯುತ್ತಿರುತ್ತದೆಯಾದ್ದರಿಂದ, ಅನುವಾದದಿಂದಾಗುವ ವಿಳಂಬ ಗಮನಕ್ಕೂ ಬರುವುದು ಕಡಿಮೆ. ಇಷ್ಟರ ಮಟ್ಟಿಗೆ ಮಾರಾಟಗಾರರ ಮಾತು ಸರಿ.

ಅನುವಾದಕ್ಕೆ ಸಿಗದ ಭಾಗ

ವಿಂಡೋಸ್‌ನಲ್ಲಿ ನಡೆಯುವ ಆದೇಶಗಳು ಎರಡು ಅಂತಸ್ತುಗಳಲ್ಲಿರುತ್ತವೆ. ಮೇಲಿನ ಅಂತಸ್ತಿನಲ್ಲಿ ಬಳಕೆದಾರರ ಪ್ರೋಗ್ರಾಂಗಳು. ತಳದಲ್ಲಿ ಕರ್ನಲ್ ಎಂಬ ತಿರುಳು ಮತ್ತು ಅದಕ್ಕೆ ಅಂಟಿಕೊಂಡು ಯಂತ್ರಾಂಗಗಳನ್ನು ನಡೆಸುವ ಡ್ರೈವರುಗಳು. ಅನುವಾದಕವು ಕೆಲಸ ಮಾಡುವುದು ಮೇಲಿನ ಅಂತಸ್ತಿನಲ್ಲಿ ಮಾತ್ರ. ತಳದ ಡ್ರೈವರ್ ಆರ್ಮ್ ಪ್ರೊಸೆಸರಿಗಾಗಿಯೇ ಮರುನಿರ್ಮಾಣಗೊಂಡಿರಬೇಕು, ಇಲ್ಲವಾದರೆ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆಪಲ್‌ನ ರೊಸೆಟ್ಟಾಕ್ಕೂ ಇದೇ ಮಿತಿಯಿದೆ. ಎಕ್ಸ್ 86 ಯಂತ್ರಗಳಲ್ಲಿ 32 ಬಿಟ್ಟಿನಿಂದ 64 ಬಿಟ್ಟಿಗೆ ಹೋದಾಗಲೂ ಇದೇ ನಿಯಮವಿತ್ತು: ಪ್ರೋಗ್ರಾಂ ನಡೆಯಿತು, 32 ಬಿಟ್ ಡ್ರೈವರ್ ನಡೆಯಲಿಲ್ಲ. ಅಂದು ಕೆಲಸ ಮಾಡುತ್ತಿದ್ದ ಎಷ್ಟೋ ಸ್ಕ್ಯಾನರುಗಳು, ಪ್ರಿಂಟರುಗಳು ಮೂಲೆ ಸೇರಿದ್ದು ಅವು ಕೆಟ್ಟದ್ದರಿಂದಲ್ಲ, ತಯಾರಕರು ಹೊಸ ಡ್ರೈವರ್ ಬರೆಯದೇ ಹೋದದ್ದರಿಂದ.

ಈಗ ಒಂದು ಸಣ್ಣ ಕಾರ್ಖಾನೆಯ ಮೇಜನ್ನು ಗಮನಿಸಬಹುದು. ಅಚ್ಚುಗಳ ನಕ್ಷೆ ತಯಾರಿಸುವ ಹಳೆಯ ತಂತ್ರಾಂಶಕ್ಕೆ ಪರವಾನಗಿಯಾಗಿ ಯುಎಸ್‌ಬಿ ಡಾಂಗಲ್ ಇದೆ. ನಕಲು ತಡೆಯುವ ಉದ್ದೇಶದಿಂದ ಇಂತಹ ಹಲವು ಡಾಂಗಲ್‌ಗಳ ಡ್ರೈವರನ್ನು ತಳದ ಅಂತಸ್ತಿನಲ್ಲಿಯೇ ಇಡಲಾಗಿರುತ್ತದೆ. ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳುಹಿಸಲು ಸೀರಿಯಲ್ ಕೇಬಲ್ ಇದೆ. ಹೊಸ ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಪೋರ್ಟ್ ಇಲ್ಲದ ಕಾರಣ ಯುಎಸ್‌ಬಿ ಪರಿವರ್ತಕ ಬೇಕು, ಅದಕ್ಕೆ ಮತ್ತೊಂದು ಡ್ರೈವರ್. ಪರಿವರ್ತಕದ ಒಳಗಿನ ಚಿಪ್ಪನ್ನು ತಯಾರಿಸಿದವರು ಆರ್ಮ್ ಡ್ರೈವರ್ ನೀಡಿದ್ದರೆ ಅದು ನಡೆಯುತ್ತದೆ. ನೀಡದಿದ್ದರೆ ಅದೇ ಬೆಲೆಯ ಬೇರೊಂದು ಪರಿವರ್ತಕ ಹುಡುಕಬೇಕು. ಇದು ಕೆಲವು ನೂರು ರೂಪಾಯಿಯ ವಿಷಯ. ಡಾಂಗಲ್ ವಿಷಯ ಹಾಗಲ್ಲ. ಅದಕ್ಕೆ ಬದಲಿ ಇಲ್ಲ. ತಯಾರಕರು ವ್ಯವಹಾರ ಮುಚ್ಚಿದ್ದರೆ ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ತಂತ್ರಾಂಶ, ಅನುವಾದಕ ಎಷ್ಟೇ ಸಮರ್ಥವಾಗಿದ್ದರೂ, “ಕೀಲಿ ಕಾಣುತ್ತಿಲ್ಲ” ಎನ್ನುತ್ತ ಕೂರುತ್ತದೆ.

ಡ್ರೈವರ್ ಅಲ್ಲದೆಯೂ ತೊಂದರೆ ಕೊಡುವ ಇನ್ನೊಂದು ವರ್ಗವಿದೆ: ಒಂದು ಪ್ರೋಗ್ರಾಮಿನ ಒಡಲೊಳಗೆ ಸೇರಿ ಕೆಲಸ ಮಾಡುವ ಪೂರಕ ಘಟಕಗಳು. ಸಾಮಾನ್ಯ ನಿಯಮವೆಂದರೆ ಪ್ರೋಗ್ರಾಂ ಮತ್ತು ಅದರೊಳಗೆ ಸೇರುವ ಘಟಕ ಒಂದೇ ಜಾತಿಯವಾಗಿರಬೇಕು. ಹಲವು ಸಂಸ್ಥೆಗಳು ಇದರ ರುಚಿಯನ್ನು ಆಗಲೇ ಕಂಡಿವೆ. ಲೆಕ್ಕಪತ್ರದ ಮಾಹಿತಿಯನ್ನು ಎಕ್ಸೆಲ್‌ಗೆ ಎಳೆದುಕೊಳ್ಳಲು 32 ಬಿಟ್ ಓಡಿಬಿಸಿ ಘಟಕ ಬಳಸುತ್ತಿದ್ದವರು, ಆಫೀಸ್ 2019ರ ನಂತರ ತಾನಾಗಿಯೇ 64 ಬಿಟ್ ಎಕ್ಸೆಲ್ ಸ್ಥಾಪನೆಯಾದಾಗ ಸಂಪರ್ಕ ಕಡಿದುಹೋದದ್ದನ್ನು ನೋಡಿದ್ದಾರೆ. ಎರಡೂ ಪ್ರತ್ಯೇಕವಾಗಿ ಸರಿಯಿದ್ದವು, ಒಂದರೊಳಗೊಂದು ಸೇರಲಿಲ್ಲ. ಜಿಎಸ್‌ಟಿ ಹಾಗೂ ಕಂಪನಿ ವ್ಯವಹಾರಗಳ ಇಲಾಖೆಯ ಕಾಗದಪತ್ರಗಳಿಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ನಲ್ಲಿಯೂ ಡ್ರೈವರ್ ಮತ್ತು ಇಂತಹ ಘಟಕ ಎರಡೂ ಸೇರಿರಬಹುದು. ಆರ್ಮ್ ಯಂತ್ರ ಕೊಳ್ಳುವ ಮುನ್ನ ಟೋಕನ್ ಕೊಟ್ಟವರಿಂದ ಈ ಬಗ್ಗೆ ಲಿಖಿತ ಉತ್ತರ ಪಡೆಯುವುದು ಅಗತ್ಯ. ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನ ಸಂಜೆ ಇದನ್ನು ಪರೀಕ್ಷಿಸುವ ಸ್ಥಿತಿ ಯಾರಿಗೂ ಬೇಡ.

ಕನ್ನಡದಲ್ಲಿ ವ್ಯವಹರಿಸುವವರು ಮತ್ತೊಂದು ಅಂಶವನ್ನು ಗಮನಿಸಬೇಕು. ಕೀಲಿಮಣೆಯ ಒತ್ತುಗಳನ್ನು ನಡುವೆ ಹಿಡಿದು ಅಕ್ಷರ ಮೂಡಿಸುವ ತಂತ್ರಾಂಶಗಳು ವಿಂಡೋಸ್‌ನ ನಡವಳಿಕೆಯನ್ನೇ ಮಾರ್ಪಡಿಸುವ ವರ್ಗಕ್ಕೆ ಸೇರಿದವು. ಇಂತಹ ತಂತ್ರಾಂಶಗಳು ಆರ್ಮ್‌ಗಾಗಿ ಮರುನಿರ್ಮಾಣಗೊಳ್ಳದಿದ್ದರೆ ಸರಿಯಾಗಿ ಕೆಲಸ ಮಾಡದಿರಬಹುದೆಂದು ಮೈಕ್ರೋಸಾಫ್ಟ್ ತಿಳಿಸಿದೆ. ಅಕ್ಷರವಿನ್ಯಾಸದ ಫಾಂಟ್ ಕಡತಗಳಿಗೆ ಈ ತೊಂದರೆ ಇಲ್ಲ. ಫಾಂಟ್ ಎಂಬುದು ಮಾಹಿತಿಯೇ ಹೊರತು ಪ್ರೊಸೆಸರಿನ ಆದೇಶವಲ್ಲ. ಹೀಗಾಗಿ ಯೂನಿಕೋಡ್‌ಗೆ ಮುಂಚಿನ ಹಳೆಯ ಕನ್ನಡ ಪತ್ರಗಳನ್ನು ಫಾಂಟ್ ಸ್ಥಾಪಿಸಿ ಓದಬಹುದು, ಮುದ್ರಿಸಬಹುದು. ಅದೇ ಕೀಲಿಮಣೆಯಲ್ಲಿ ತಿದ್ದಲು ಸಾಧ್ಯವೇ ಎಂಬುದು ಬೇರೆ ಪ್ರಶ್ನೆ. ಹೊಸ ಪತ್ರಗಳಿಗೆ ವಿಂಡೋಸ್‌ನಲ್ಲಿಯೇ ಅಡಕವಾಗಿರುವ ಕನ್ನಡ ಯೂನಿಕೋಡ್ ಕೀಲಿಮಣೆ ಸಾಕು.

ಉಳಿದಿರುವ ದಾರಿಗಳು

ಕಡತಗಳಲ್ಲಿ ಮತ್ತು ಪ್ರಿಂಟರಿನಲ್ಲಿ ಮಾತ್ರ ಕೆಲಸವಿರುವ ಡಾಸ್ ಪ್ರೋಗ್ರಾಂಗಳಿಗೆ ಒಂದು ವಿಚಿತ್ರ ಅನುಕೂಲವಿದೆ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಪ್ರೊಸೆಸರ್ ಸಹಿತವಾಗಿ ಒಂದು ಹಳೆಯ ಗಣಕವನ್ನೇ ಒಳಗೆ ಕಲ್ಪಿಸಿಕೊಡುತ್ತದೆ. ಹೊರಗಿನ ಪ್ರೊಸೆಸರ್ ಯಾವ ಜಾತಿಯದೆಂಬುದು ಅದಕ್ಕೆ ಮುಖ್ಯವಲ್ಲ. ಹೀಗೆ 1990ರ ಪ್ರೋಗ್ರಾಂ 2005ರ ಪ್ರೋಗ್ರಾಮಿಗಿಂತ ಸುಲಭವಾಗಿ ಹೊಸ ಯಂತ್ರದಲ್ಲಿ ನಡೆಯುವ ಸಂದರ್ಭಗಳೂ ಇವೆ. ಆದರೆ ಮೂಲ ಡಾಸ್‌ಬಾಕ್ಸ್ ರೂಪುಗೊಂಡದ್ದು ಹಳೆಯ ಆಟಗಳಿಗಾಗಿ. ಮುದ್ರಣದ ಅಗತ್ಯವಿರುವವರು ಡಾಸ್‌ಬಾಕ್ಸ್ ಎಕ್ಸ್ ಅಥವಾ ವಿಡಾಸ್ ಎಂಬ ಅದರ ಬಳಗದವುಗಳನ್ನು ನೋಡಬೇಕು. ಮೂರು ನಾಲ್ಕು ಯಂತ್ರಗಳಿಂದ ಒಂದೇ ದಾಸ್ತಾನು ಕಡತವನ್ನು ಏಕಕಾಲಕ್ಕೆ ತಿದ್ದುವ ಕಡೆ ಇದನ್ನು ನೆಚ್ಚಿಕೊಳ್ಳುವುದು ಅಪಾಯ. ಒಬ್ಬರು ತಿದ್ದುವಾಗ ಮತ್ತೊಬ್ಬರನ್ನು ತಡೆಯುವ ವ್ಯವಸ್ಥೆ ಕೈಕೊಟ್ಟರೆ ಕಡತವೇ ಕೆಡುತ್ತದೆ.

ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7ರ ಇಡೀ ಯಂತ್ರವನ್ನು ಹೊಸ ಯಂತ್ರದೊಳಗೆ ಕಡತರೂಪದಲ್ಲಿ ಕೂರಿಸುವುದು ಇನ್ನೊಂದು ದಾರಿ. ಇದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒಳಗಿನ ವಿಂಡೋಸ್ 32 ಬಿಟ್ಟಿನದಾದರೆ ಹಳೆಯ ಡ್ರೈವರುಗಳಿಗೂ ಅಲ್ಲಿ ಜಾಗ ಸಿಗುತ್ತದೆ. ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶಗಳು ಯುಎಸ್‌ಬಿ ಡಾಂಗಲ್ಲನ್ನು ಒಳಗಿನ ಯಂತ್ರಕ್ಕೆ ದಾಟಿಸಬಲ್ಲವು. ವಿಂಡೋಸ್‌ನಲ್ಲೇ ಬರುವ ಹೈಪರ್-ವಿ ಹಾಗೆ ನೇರವಾಗಿ ದಾಟಿಸದು. ಆರ್ಮ್ ಯಂತ್ರದಲ್ಲಿ ಮಾತ್ರ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ಅಲ್ಲಿನ ವರ್ಚುವಲ್ ಮಷಿನ್ ವೇಗವಾಗಿ ನಡೆಸುವುದು ಆರ್ಮ್ ಆಪರೇಟಿಂಗ್ ಸಿಸ್ಟಂಗಳನ್ನೇ. ಹಳೆಯ ವಿಂಡೋಸನ್ನು ಪೂರ್ಣ ಅನುವಾದದಲ್ಲಿ ನಡೆಸಿದರೆ ತೀರ ನಿಧಾನ. ಹಳೆಯ ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಸೀಮಿತವಾಗಿರುತ್ತದೆ ಎಂಬ ಕಾನೂನಿನ ಅಂಶವನ್ನೂ ಮರೆಯುವಂತಿಲ್ಲ.

ಡಾಂಗಲ್ಲಿಗೆ ಅಥವಾ ಹಳೆಯ ಯಂತ್ರಕ್ಕೆ ಅಂಟಿಕೊಂಡ ತಂತ್ರಾಂಶ ಒಂದೇ ಒಂದಿದ್ದರೆ, ಹಳೆಯ ಗಣಕವನ್ನು ಅಂತರ್ಜಾಲದಿಂದ ಬೇರ್ಪಡಿಸಿ ಆ ಒಂದು ಕೆಲಸಕ್ಕೆ ಮೀಸಲಿಡುವುದು ಅಗ್ಗದ ಹಾಗೂ ಗೌರವಯುತವಾದ ಪರಿಹಾರ. ಅದರ ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿ ತೆಗೆದಿಡಬೇಕು, ಅದೇ ಮಾದರಿಯ ಮತ್ತೊಂದು ಹಳೆಯ ಯಂತ್ರ ಸಿಕ್ಕರೆ ಕೊಂಡಿಡಬೇಕು. ಉಳಿದ ಕಚೇರಿಗೆ ಆರ್ಮ್ ಲ್ಯಾಪ್‌ಟಾಪ್ ತರುವುದಕ್ಕೆ ಆಗ ಅಡ್ಡಿಯಿಲ್ಲ.

ಅನುವಾದಕವನ್ನು ನೆಚ್ಚುವವರು ಅದರ ಆಯುಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಪಲ್ 2006ರಲ್ಲಿ ಇಂಟೆಲ್‌ಗೆ ಬಂದಾಗ ನೀಡಿದ ಮೊದಲ ರೊಸೆಟ್ಟಾ 2011ರಲ್ಲಿಯೇ ಹಿಂತೆಗೆಯಲ್ಪಟ್ಟಿತು. ರೊಸೆಟ್ಟಾ 2 ಕೂಡ ಮ್ಯಾಕ್ ಓಎಸ್ 27ರವರೆಗೆ ಮಾತ್ರ ಪೂರ್ಣವಾಗಿ ಲಭ್ಯವೆಂದು ಆ ಸಂಸ್ಥೆ 2025ರಲ್ಲಿ ಪ್ರಕಟಿಸಿದೆ. ವ್ಯಾಪಾರಿ ಸಂಸ್ಥೆಗಳನ್ನು ಅವಲಂಬಿಸಿರುವ ಮೈಕ್ರೋಸಾಫ್ಟ್ ಈ ವಿಷಯದಲ್ಲಿ ಹೆಚ್ಚು ಸಹನೆಯುಳ್ಳದ್ದು. ಹಳೆಯ ಸ್ಥಿತಿಗಳನ್ನು ಕೈಬಿಟ್ಟು ಎಕ್ಸ್ 86ಅನ್ನು ಸರಳಗೊಳಿಸುವ ಪ್ರಸ್ತಾಪವನ್ನು 2023ರಲ್ಲಿ ಮುಂದಿಟ್ಟ ಇಂಟೆಲ್ ಕೂಡ 2024ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು.

ಲೆಕ್ಕಪುಸ್ತಕದ ಹೊಣೆ

ಹಳೆಯ ತಂತ್ರಾಂಶ ಬೇಕೆನ್ನುವವರು ನಿಜಕ್ಕೂ ಬಯಸುವುದು ತಂತ್ರಾಂಶವನ್ನೋ ಅದರೊಳಗಿನ ಲೆಕ್ಕವನ್ನೋ ಎಂದು ಬಿಡಿಸಿ ನೋಡಿದರೆ ಖರ್ಚು ಎಷ್ಟೋ ಇಳಿಯುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಇಡಬೇಕು. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ ಎಂಟು ಆರ್ಥಿಕ ವರ್ಷಗಳು. ವಿದ್ಯುನ್ಮಾನ ರೂಪದ ಲೆಕ್ಕಗಳಿಗೆ ಸೂಕ್ತ ಬ್ಯಾಕಪ್ ಇಡಬೇಕೆಂದೂ, ಅಧಿಕಾರಿಗಳು ಕೇಳಿದಾಗ ಕಾಗದದಲ್ಲಿ ಅಥವಾ ಓದಬಹುದಾದ ವಿದ್ಯುನ್ಮಾನ ರೂಪದಲ್ಲಿ ಒದಗಿಸಬೇಕೆಂದೂ, ಪಾಸ್‌ವರ್ಡ್ ಮತ್ತು ಸಂಕೇತಗಳ ವಿವರಣೆಯನ್ನೂ ಕೊಡಬೇಕೆಂದೂ ಜಿಎಸ್‌ಟಿ ನಿಯಮ 57 ಹೇಳುತ್ತದೆ. “ಕಡತ ಇದೆ, ತೆರೆಯುವ ಯಂತ್ರ ಇಲ್ಲ” ಎಂಬ ಉತ್ತರಕ್ಕೆ ಅಲ್ಲಿ ಎಡೆಯಿಲ್ಲ.

ಚಾಲ್ತಿ ಲೆಕ್ಕಕ್ಕೆ ಹಳೆಯ ತಂತ್ರಾಂಶವನ್ನೇ ಮುಂದುವರಿಸುವ ಆಲೋಚನೆಯಿರುವ ಕಂಪನಿಗಳಿಗೆ ಪ್ರೊಸೆಸರಿಗಿಂತ ದೊಡ್ಡ ತಡೆ ಬೇರೆಯೇ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ, ನಿಷ್ಕ್ರಿಯಗೊಳಿಸಲಾಗದ ವ್ಯವಸ್ಥೆ ಇರಬೇಕು. ಲೆಕ್ಕ ಪರಿಶೋಧಕರು ಅದರ ಬಗ್ಗೆ ವರದಿ ಮಾಡಬೇಕು. ಡಾಸ್ ಕಾಲದ ತಂತ್ರಾಂಶದಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ. ಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ.

ಫಾಕ್ಸ್‌ಪ್ರೊ, ಡಿಬೇಸ್, ಕ್ಲಿಪ್ಪರ್ ಪ್ರೋಗ್ರಾಂಗಳ ಮಾಹಿತಿ ಸಾಮಾನ್ಯವಾಗಿ ಡಿಬಿಎಫ್ ಕಡತಗಳಲ್ಲಿರುತ್ತದೆ. ಎಕ್ಸೆಲ್ ಅಥವಾ ಉಚಿತವಾದ ಲಿಬ್ರೆಆಫೀಸ್ ಅವುಗಳನ್ನು ಯಾವ ಪ್ರೊಸೆಸರಿನ ಮೇಲಾದರೂ ನೇರವಾಗಿ ತೆರೆಯಬಲ್ಲವು. ಉಳಿದ ತಂತ್ರಾಂಶಗಳಲ್ಲಿ ಹಳೆಯ ಯಂತ್ರ ಇನ್ನೂ ಚಾಲನೆಯಲ್ಲಿರುವಾಗಲೇ ಪ್ರತಿ ವರ್ಷದ ಖಾತೆ, ಕಿರ್ದಿ, ದಾಸ್ತಾನು ವಹಿಗಳನ್ನು ಪಿಡಿಎಫ್ ಹಾಗೂ ಎಕ್ಸೆಲ್ ರೂಪದಲ್ಲಿ ಹೊರತೆಗೆದು ಎರಡು ಕಡೆ ಇಡಬೇಕು. ಹೀಗೆ ತೆಗೆದ ಪ್ರತಿಯ ಅಂತಿಮ ಶಿಲ್ಕು ಮೂಲದೊಡನೆ ತಾಳೆಯಾಗುತ್ತದೆಯೇ ಎಂದು ಗುಮಾಸ್ತರಿಂದ ಪರಿಶೀಲಿಸಿ, ಆ ನಂತರ ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಡಬಹುದು.